ಐದನೇ ಕ್ಲಾಸಿನ ಕಳೆಯುವ ಲೆಕ್ಕ: ನಾಲ್ಕು ಶಾಲೆ, ಒಂದು ಹಾಳೆ

ಜುಲೈ ಕೊನೆ ವಾರ

ಎಫ್‌ಎ 1 (ವರ್ಷದ ನಡುನಡುವೆ ಬರುವ ಸಣ್ಣ ಪರೀಕ್ಷೆಗಳಲ್ಲಿ ಮೊದಲನೆಯದು) ಮುಗಿಯಿತು. ಅಂಕ ರಿಜಿಸ್ಟರ್‌ಗೆ ಹೋಯಿತು, ಆನ್‌ಲೈನ್‌ಗೂ ಹೋಯಿತು. ವರ್ಷಕ್ಕೆ ನಾಲ್ಕು ಎಫ್‌ಎ, ತಲಾ 15. ಎರಡು ಎಸ್‌ಎ, ಅಂದರೆ ಅರ್ಧವರ್ಷದ ಕೊನೆಯ ಪರೀಕ್ಷೆ, ತಲಾ 20. ಆರು ಸಲ ಮಕ್ಕಳ ಉತ್ತರ ಪತ್ರಿಕೆ ಕೈಗೆ ಬರುತ್ತದೆ, ಆರು ಸಲವೂ ಅಂಕ ತೆಗೆದುಕೊಂಡು ಪತ್ರಿಕೆ ಕಟ್ಟಿಡುತ್ತೇವೆ. ಈ ವರ್ಷ ಕಟ್ಟಿಡುವ ಮುಂಚೆ ಒಮ್ಮೆ ಬಿಚ್ಚಿ ನೋಡೋಣ ಅಂತ ನಮ್ಮ ಕ್ಲಸ್ಟರಿನ (ಹತ್ತಿರದ ಶಾಲೆಗಳ ಗುಂಪಿನ) ನಾಲ್ಕು ಶಾಲೆಯ ಐದನೇ ಕ್ಲಾಸಿನ ಮೇಷ್ಟ್ರು, ಮೇಡಂಗಳು ಮಾತಾಡಿಕೊಂಡೆವು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಎರಡು ಗಂಟೆ, ನಮ್ಮ ಶಾಲೆಯಲ್ಲಿ.

ಆಗಸ್ಟ್, ಮೊದಲ ಶನಿವಾರ

ಶುರುವೇ ಎಡವಟ್ಟಾಯಿತು. ಹಾಳೆಯ ಮೇಲೆ ನಾಲ್ಕೂ ಶಾಲೆಯ ಹೆಸರು ಬರೆದು, ಪಕ್ಕದಲ್ಲಿ ಸರಾಸರಿ ಅಂಕ ಹಾಕಿದ್ದೆ. ಐದೇ ನಿಮಿಷದಲ್ಲಿ ಮಾತು ಮಕ್ಕಳನ್ನು ಬಿಟ್ಟು ಶಾಲೆಗಳ ಮೇಲೆ ಹೋಯಿತು. ಕಡಿಮೆ ಬಂದಿದ್ದ ಮೇಡಂ ಸುಮ್ಮನಾಗಿಬಿಟ್ಟರು. ತಪ್ಪು ನನ್ನದೇ. ಹೊಸ ಹಾಳೆ ತೆಗೆದೆ. ಶಾಲೆ ಹೆಸರಿಲ್ಲ, ಅಂಕವಿಲ್ಲ. ಒಂದೇ ಲೆಕ್ಕ, ಅದಕ್ಕೆ ಮಕ್ಕಳು ಬರೆದ ಉತ್ತರ, ಅಷ್ಟೆ.

ಲೆಕ್ಕ ಇದು: 503 – 247. ಒಟ್ಟು 74 ಮಕ್ಕಳು.

256 ಅಂತ ಸರಿಯಾಗಿ ಬರೆದವರು 29. 344 ಅಂತ ಬರೆದವರು 21. 266 ಬರೆದವರು 11. 356 ಬರೆದವರು 5. ಉಳಿದ 8 ಮಕ್ಕಳದು ಬೇರೆ ಬೇರೆ.

ನಾವೆಲ್ಲ ಇವಕ್ಕೆ ಒಂದೇ ಸೊನ್ನೆ ಕೊಟ್ಟಿದ್ದೆವು. ಆದರೆ ಬೆರಳಿಟ್ಟು ನೋಡಿದರೆ ಒಂದೊಂದರ ಕಥೆ ಬೇರೆ. 344 ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. 3ರಲ್ಲಿ 7 ಹೋಗಲ್ಲ, ಹಾಗಾದರೆ 7ರಲ್ಲಿ 3 ಕಳೆಯೋಣ, 4. ಅದಕ್ಕೆ ದಶಕ ತೆಗೆದುಕೊಳ್ಳುವುದೇ ಗೊತ್ತಿಲ್ಲ. 266 ಬರೆದ ಮಗು ನೂರರಿಂದ ತೆಗೆದುಕೊಂಡಿದೆ, ಹತ್ತರ ಮನೆಯಲ್ಲಿ 10 ಮಾಡಿದೆ, ಅದರಿಂದ ಬಿಡಿಗೆ ಒಂದು ಕೊಟ್ಟ ಮೇಲೆ 9 ಉಳಿಯಬೇಕು ಅನ್ನೋದನ್ನು ಮರೆತಿದೆ. 356 ಬರೆದ ಮಗು ಅದನ್ನೂ ಸರಿ ಮಾಡಿ, ನೂರರ ಮನೆಯ 5ನ್ನು 4 ಮಾಡುವುದೊಂದನ್ನೇ ಬಿಟ್ಟಿದೆ. ಈ ಮಗು ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಮೂವರಿಗೂ ಒಂದೇ ಪಾಠ ಮತ್ತೆ ಮಾಡಿದರೆ ಯಾರಿಗೆ ಉಪಯೋಗ?

ಆಗಸ್ಟ್, ಎರಡನೇ ಶನಿವಾರ

ಇವತ್ತು ಪೂರ್ತಿ ಒಂದು ಪದದ ಮೇಲೆ ಹೋಯಿತು. ನಾವೆಲ್ಲ ಹೇಳಿಕೊಡೋದು ‘ಪಕ್ಕದ ಮನೆಯಿಂದ ಸಾಲ ತಗೋ’ ಅಂತಲೇ. ಒಬ್ಬರು ಮೇಷ್ಟ್ರು ಒಂದು ಉತ್ತರ ಪತ್ರಿಕೆ ತಂದಿದ್ದರು. ಅದರಲ್ಲಿ ಮಗು ಲೆಕ್ಕದ ಕೊನೆಯಲ್ಲಿ 1 ವಾಪಸ್ ಕೂಡಿಸಿದೆ. ಯಾಕೋ ಅಂತ ಕೇಳಿದ್ದಕ್ಕೆ, ‘ಸಾಲ ತೀರಿಸಬೇಕಲ್ವಾ ಸರ್’ ಅಂದನಂತೆ. ಅವನು ಹೇಳಿದ್ದು ಸರಿ. ಸಾಲ ಅಂದರೆ ತೀರಿಸಬೇಕು. ತಪ್ಪು ನಮ್ಮ ಪದದ್ದು.

‘ಚಿಲ್ಲರೆ ಮಾಡಿಸೋದು’ ಅನ್ನೋಣ ಅಂತ ತೀರ್ಮಾನಿಸಿದೆವು. ನೂರರ ನೋಟಿಗೆ ಹತ್ತರ ಹತ್ತು ನೋಟು. ಅಂಗಡಿಗೆ ಹೋಗುವ ಯಾವ ಮಗುವಿಗೂ ಇದು ಗೊತ್ತು.

ಆಗಸ್ಟ್, ಮೂರನೇ ವಾರ

ತೆಂಗಿನ ಗರಿ ಕಡ್ಡಿ ತುಂಡು ಮಾಡಿ, ರಬ್ಬರ್ ಬ್ಯಾಂಡ್ ಹಾಕಿ ಹತ್ತರ ಕಟ್ಟು, ಹತ್ತು ಕಟ್ಟು ಸೇರಿಸಿ ನೂರರ ಕಟ್ಟು. ಕಡ್ಡಿ ಎಣಿಸೋಕೇ ಎರಡು ಪಿರಿಯಡ್ ಬೇಕಾಯಿತು, ಅದೇನೂ ವ್ಯರ್ಥವಲ್ಲ. 266 ಬರೆದಿದ್ದ ಹುಡುಗಿಯ ಮುಂದೆ ಐದು ನೂರರ ಕಟ್ಟು, ಮೂರು ಬಿಡಿ ಕಡ್ಡಿ ಇಟ್ಟೆ. ನಡುವೆ ಹತ್ತರ ಕಟ್ಟು ಒಂದೂ ಇಲ್ಲ. ಸ್ವಲ್ಪ ಹೊತ್ತು ನೋಡಿದಳು. ಒಂದು ನೂರರ ಕಟ್ಟು ಬಿಚ್ಚಿದಳು. ಹತ್ತು ಸಣ್ಣ ಕಟ್ಟು ಉರುಳಿದವು. ಅದರಲ್ಲಿ ಒಂದನ್ನು ಬಿಚ್ಚಿ ಬಿಡಿಗೆ ಸೇರಿಸಿ, ಉಳಿದದ್ದನ್ನು ಎಣಿಸಿದಳು. ‘ಮಿಸ್, ಒಂಬತ್ತೇ ಇದೆ!’ ನಾನು ಒಂದು ಮಾತೂ ಹೇಳಿಕೊಡಲಿಲ್ಲ.

ಸೆಪ್ಟೆಂಬರ್, ಮೊದಲ ಶನಿವಾರ

ಮತ್ತೆ ಒಂದು ಲೆಕ್ಕ ಕೊಟ್ಟೆವು, 702 – 358. ಬಂದಿದ್ದವರು 71 ಮಕ್ಕಳು. 344 ಅಂತ ಸರಿ ಬರೆದವರು 51. ಖುಷಿಯಾಯಿತು, ಸುಳ್ಳು ಹೇಳಲ್ಲ. ಮೊದಲು ಸುಮ್ಮನಾಗಿದ್ದ ಮೇಡಂ ಇವತ್ತು ಎಲ್ಲರಿಗಿಂತ ಜಾಸ್ತಿ ಮಾತಾಡಿದರು. ಕಟ್ಟನ್ನು ಬೋರ್ಡಿನ ಮೇಲೆ ಚಿತ್ರ ಬರೆದು, ಆಮೇಲೆ ಅಂಕಿಗೆ ಇಳಿಸುವ ಅವರ ರೀತಿ ಬಹಳ ಚೆನ್ನಾಗಿದೆ. ಕಡ್ಡಿಯಿಂದ ನೇರ ಅಂಕಿಗೆ ಹಾರಿದ್ದ ನನ್ನ ಕ್ಲಾಸಿನಲ್ಲಿ ಕೆಲವರು ತಡವರಿಸಿದ್ದರು. ಮುಂದಿನ ವಾರ ನಾನೂ ಅದನ್ನೇ ಮಾಡುತ್ತೇನೆ.

ಆದರೆ 456 ಬರೆದವರು ಇನ್ನೂ 9 ಮಂದಿ ಇದ್ದಾರೆ, ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯುವ ಅದೇ ಹಳೆಯ ತಪ್ಪು. ಅವರನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮುನ್ನೂರ ಎಂಟು ಬರೆಯೋಕೆ ಹೇಳಿದೆವು. ಆರು ಮಂದಿ 3008 ಅಂತ ಬರೆದರು. ಕೇಳಿದ ಹಾಗೇ ಬರೆದಿದ್ದಾರೆ, ಮೊದಲು 300, ಆಮೇಲೆ 8. ಇವರ ತೊಂದರೆ ಕಳೆಯುವುದರಲ್ಲಿಲ್ಲ, ಸ್ಥಾನಬೆಲೆಯಲ್ಲಿದೆ. ನಾವು ಒಂದು ತಿಂಗಳು ಮೇಲಿನ ಮೆಟ್ಟಿಲಲ್ಲಿ ನಿಂತು ಕರೆಯುತ್ತಿದ್ದೆವು.

ನಲಿ-ಕಲಿ (ಚಿಕ್ಕ ಕ್ಲಾಸಿನವರಿಗೆ ಕಾರ್ಡುಗಳಿಂದ, ಕಲಿಕಾ ಏಣಿ ಅನ್ನುವ ಹೆಜ್ಜೆಗಳ ಪಟ್ಟಿಯಂತೆ ಕಲಿಸುವ ಪದ್ಧತಿ) ತೆಗೆದುಕೊಳ್ಳುವ ಮೇಡಂ ಹತ್ತಿರ ಹೇಳಿದಾಗ, ‘ಕಲಿಕಾ ಏಣಿಯಲ್ಲಿ ಯಾವ ಮೈಲಿಗಲ್ಲಿನ ಹತ್ತಿರ ನಿಂತಿದ್ದಾರೆ ನೋಡೋಣ, ಕಳಿಸಿ’ ಅಂದರು. ಐದನೇ ಕ್ಲಾಸಿನ ಮಗುವನ್ನು ಮೂರನೇ ಕ್ಲಾಸಿನವರ ಜೊತೆ ಕೂರಿಸಿದರೆ ಮನಸ್ಸಿಗೆ ನೋವಾಗುತ್ತೆ. ಅದಕ್ಕೆ ಕಾರ್ಡುಗಳನ್ನೇ ನಮ್ಮ ಕೋಣೆಗೆ ತಂದಿದ್ದೇವೆ. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಇಪ್ಪತ್ತು ನಿಮಿಷ.

ಮುಂದಿನ ಶನಿವಾರಕ್ಕೆ ಹೊಸ ಹಾಳೆ, ಮಾತಿನ ಲೆಕ್ಕದ್ದು. ‘ರವಿಯ ಬಳಿ 45 ಗೋಲಿಗಳಿವೆ. ಅವು ಸೀತಾಳ ಗೋಲಿಗಳಿಗಿಂತ 18 ಹೆಚ್ಚು. ಸೀತಾಳ ಬಳಿ ಎಷ್ಟು?’ ನನ್ನ ಕ್ಲಾಸಿನ ಅರ್ಧಕ್ಕೂ ಜಾಸ್ತಿ ಮಕ್ಕಳು ‘ಹೆಚ್ಚು’ ಅಂತ ಕಂಡ ತಕ್ಷಣ ಕೂಡಿಸಿ 63 ಬರೆದಿದ್ದಾರೆ. ಉಳಿದ ಮೂರು ಶಾಲೆಯ ಪತ್ರಿಕೆಗಳು ಶುಕ್ರವಾರ ಬರುತ್ತವೆ.