‘ಹತ್ತು ನಿಮಿಷ ಇರಿ’ ಅಂತ ನಾಲ್ಕು ಸಲ ಹೇಳಿದ ಬೆಳಿಗ್ಗೆ

ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಸಿಸ್ಟಮ್ಸ್ ಕೆಲಸ ನನ್ನದು. ಯಾವ ಕಾರ್ಖಾನೆ ಅನ್ನೋದು ಬೇಡ. ಆಗಸ್ಟ್ ತಿಂಗಳು, ಕಬ್ಬು ಅರೆಯೋಕೆ ಶುರುವಾಗಿ ಮೂರು ವಾರ ಆಗಿತ್ತು. ಬೆಳಿಗ್ಗೆ ಆರೂ ಹತ್ತಕ್ಕೆ, ಕಬ್ಬಿನ ಗಾಡಿಗಳನ್ನು ತೂಗಿ ಚೀಟಿ ಕೊಡುವ ತೂಕದ ಮನೆಯಿಂದ ಫೋನ್ ಬಂತು. "ಸಾರ್, ಚೀಟಿ ಬರ್ತಿಲ್ಲ. ಸ್ಕ್ರೀನು ಹಂಗೇ ನಿಂತೋಗದೆ."

ಆರೂವರೆಗೆ ಸರ್ವರ್ ರೂಮಿನಲ್ಲಿದ್ದೆ. ತೂಕದ ಲೆಕ್ಕವೆಲ್ಲಾ ಇರುವ ಡೇಟಾಬೇಸ್, ಪೋಸ್ಟ್‌ಗ್ರೆಸ್, ನಿಂತುಹೋಗಿ ಬಿದ್ದಿತ್ತು. ಏನೇನು ನಡೆಯಿತು ಅಂತ ಅದು ಬರೆದಿಡುವ ಲಾಗ್‌ನ ಕೊನೆಯಲ್ಲಿ ‘ಪ್ಯಾನಿಕ್’ ಅಂತ ಒಂದು ಸಾಲು, ಫೈಲನ್ನು ಡಿಸ್ಕಿಗೆ ಬರೆಯೋಕೆ ಆಗಲಿಲ್ಲ ಅಂತ. ಅಷ್ಟು ಓದಿದ್ದೇ ತಡ, ಡಿಸ್ಕ್ ತುಂಬಿದೆ ಅಂತ ತೀರ್ಮಾನ ಮಾಡಿಬಿಟ್ಟೆ. ಹಿಂದಿನ ಸೀಸನ್‌ನಲ್ಲಿ ಹಾಗೇ ಆಗಿತ್ತು. ಹಳೇ ಲಾಗ್ ಅಳಿಸಿದ್ದೆ, ಐದು ನಿಮಿಷದಲ್ಲಿ ಎದ್ದು ಕೂತಿತ್ತು. ಆ ಸಾಲಿನ ತುದಿಯಲ್ಲಿ ‘ಇನ್‌ಪುಟ್/ಔಟ್‌ಪುಟ್ ಎರರ್’ ಅಂತ ಇತ್ತು. ಜಾಗ ಇಲ್ಲದಿದ್ದರೆ ‘ನೋ ಸ್ಪೇಸ್ ಲೆಫ್ಟ್’ ಅಂತ ಬರುತ್ತದೆ. ಎರಡಕ್ಕೂ ಆಕಾಶ ಭೂಮಿಯಷ್ಟು ವ್ಯತ್ಯಾಸ. ಕಣ್ಣು ಆ ತುದಿಯವರೆಗೂ ಹೋಗಲೇ ಇಲ್ಲ.

ಮೂರು ವಾರದ ಲಾಗ್ ಫೈಲುಗಳನ್ನೆಲ್ಲಾ ಅಳಿಸಿದೆ. ಆಮೇಲೆ ಡಿಸ್ಕಿನಲ್ಲಿ ಎಷ್ಟು ಜಾಗ ಇದೆ ಅಂತ ತೋರಿಸುವ ಡಿಎಫ್ ಕಮಾಂಡ್ ಹಾಕಿ ನೋಡಿದರೆ ಡಿಸ್ಕ್ ಅರ್ಧಕ್ಕರ್ಧ ಖಾಲಿ ಇದೆ. ಅಲ್ಲೇ ಕೈ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಸರ್ವಿಸ್ ರೀಸ್ಟಾರ್ಟ್ ಮಾಡಿದೆ. ಎದ್ದಿತು. ತೂಕದ ಮನೆಯಿಂದ ಪ್ರಿಂಟರ್ ಸದ್ದು ಕೇಳಿಸಿತು. ಸದ್ಯ ಆಯ್ತಲ್ಲಾ ಅಂದುಕೊಂಡೆ.

ಇಪ್ಪತ್ತು ನಿಮಿಷಕ್ಕೆ ಮತ್ತೆ ಬಿತ್ತು.

ತೂಕದ ಮನೆಯಲ್ಲಿ ಒಬ್ಬರು ಹಿರಿಯ ಕ್ಲರ್ಕ್ ಇದ್ದಾರೆ. ಕಂಪ್ಯೂಟರ್ ಬರುವ ಮೊದಲಿಂದ ಅಲ್ಲೇ ಇರುವವರು. ಬಾಗಿಲಲ್ಲಿ ಬಂದು ನಿಂತರು. "ಸಾರ್, ಬುಕ್ಕಲ್ಲಿ ಬರ್ಕಳಣ್ವಾ? ಇಂಡಿಕೇಟರ್ ತೂಕ ತೋರ್ಸ್ತಾನೇ ಅದೆ."

ಅವರು ಹೇಳಿದ್ದು ಸರಿ. ಗಾಡಿ ತೂಗುವ ವೇಬ್ರಿಡ್ಜಿನ ಇಂಡಿಕೇಟರಿಗೆ ನಮ್ಮ ಸರ್ವರ್ ಬೇಕಿಲ್ಲ, ಕೆಂಪು ಅಂಕಿ ತನ್ನ ಪಾಡಿಗೆ ತಾನು ಬರುತ್ತಿರುತ್ತದೆ. ಕಾರ್ಬನ್ ಇಟ್ಟು ಬರೆದುಕೊಂಡರೆ ಕ್ಯೂ ಓಡುತ್ತದೆ. ಆದರೆ ಕೈಬರಹದ ಎಂಟ್ರಿಯನ್ನು ಆಮೇಲೆ ನಾವೇ ಕೂತು ಹಾಕಬೇಕು, ಆಡಿಟ್‌ನವರು ಸಾಲು ಸಾಲಿಗೂ ಕೇಳುತ್ತಾರೆ. "ಹತ್ತು ನಿಮಿಷ ಇರಿ ಅಣ್ಣ, ಸರಿ ಮಾಡ್ಬಿಡ್ತೀನಿ" ಅಂದೆ. ಅವರು ಹೋದರು. ಅರ್ಧ ಗಂಟೆ ಬಿಟ್ಟು ಬಂದರು. ಮತ್ತೆ ಅದೇ ಮಾತು ಹೇಳಿದೆ. ಹೀಗೆ ನಾಲ್ಕು ಸಲ.

ಮೂರನೇ ಸಲ ಅವರು ಒಬ್ಬರೇ ಬರಲಿಲ್ಲ, ಹಿಂದೆ ಒಬ್ಬ ರೈತ ಇದ್ದರು. ತಲೆಗೆ ಟವಲ್ ಸುತ್ತಿದ್ದರು, ಕೈಯಲ್ಲಿ ಕಬ್ಬು ಕಡಿಯೋಕೆ ಕಾರ್ಖಾನೆ ಕೊಡುವ ಕಟಾವು ಆರ್ಡರ್ ಇತ್ತು. ನಾಲ್ಕು ಮಡಿಕೆ ಮಾಡಿ ಮಾಡಿ ಆ ಹಾಳೆ ಮಡಿಕೆಗಳಲ್ಲಿ ಹರಿದಿತ್ತು. ಜಗಳ ಆಡಲಿಲ್ಲ, ಮೆಲ್ಲಗೇ ಕೇಳಿದರು. "ಎಷ್ಟೊತ್ತಾಯ್ತದೆ ಮಗ? ನೆನ್ನೆ ಮಧ್ಯಾನ ಕಡ್ದಿರೋ ಕಬ್ಬು. ಬಿಸ್ಲಿಗೆ ತೂಕ ಬೀಳ್ತದೆ."

ಕಡಿದ ಕಬ್ಬು ನೀರು ಬಿಡುತ್ತಾ ಹೋಗುತ್ತದೆ. ಹೊತ್ತು ಹೋದಷ್ಟೂ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಅವರಿಗೆ ಸಿಗುವ ದುಡ್ಡು ಟನ್ನಿನ ಲೆಕ್ಕ. ನನ್ನ ಹತ್ತು ನಿಮಿಷ ಅವರ ಗಾಡಿ ಮೇಲೆ ಒಣಗುತ್ತಿತ್ತು. ಹೊರಗೆ ಟ್ರ್ಯಾಕ್ಟರುಗಳ ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು. ಎತ್ತಿನ ಗಾಡಿಯವರು ನೊಗ ಇಳಿಸಿ ಎತ್ತುಗಳನ್ನು ಮರದ ನೆರಳಿಗೆ ಕಟ್ಟಿದ್ದರು.

ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಈ ಸಲ ಇಡೀ ಮಷೀನನ್ನೇ ರೀಬೂಟ್ ಮಾಡಿದೆ. ಮೇಲೆ ಬಂದಾಗ ಅವತ್ತಿನ ತೂಕದ ಟೇಬಲ್ಲಿನಲ್ಲಿ ಒಂದು ಬ್ಲಾಕ್ ಓದೋಕೆ ಆಗುತ್ತಿಲ್ಲ ಅಂತ ಎರರ್. ಹೊಟ್ಟೆಯಲ್ಲಿ ತಣ್ಣಗಾಯಿತು. ಇಷ್ಟು ಹೊತ್ತು ಬರೆಯೋಕೆ ತೊಂದರೆ ಇತ್ತು, ಈಗ ಬರೆದದ್ದೇ ಹೋಗುತ್ತಿದೆ.

ಹಿಂದೆ ಜೊತೆಗೆ ಕೆಲಸ ಮಾಡಿದ್ದ ಸೀನಿಯರ್ ಒಬ್ಬರಿಗೆ ಫೋನ್ ಮಾಡಿದೆ. ಎರಡು ನಿಮಿಷ ಕೇಳಿಸಿಕೊಂಡು, "ಡಿಮೆಸೆಜ್ ನೋಡಿದ್ಯೇನೋ?" ಅಂದರು. ನೋಡಿರಲಿಲ್ಲ. ಎರಡೂವರೆ ಗಂಟೆಯಿಂದ ಡೇಟಾಬೇಸಿನ ಲಾಗ್ ಒಂದನ್ನೇ ಓದುತ್ತಾ ಕೂತಿದ್ದೆ. ಡಿಮೆಸೆಜ್ ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನ ಲಾಗ್. ಅದನ್ನು ತೆಗೆದರೆ ಪರದೆ ತುಂಬಾ ಐ/ಓ (ಇನ್‌ಪುಟ್/ಔಟ್‌ಪುಟ್) ಎರರ್, ಒಂದೊಂದು ಸಾಲಿಗೂ ಒಂದೊಂದು ಸೆಕ್ಟರ್ ನಂಬರ್. "ಇನ್ನು ಏನೂ ಮಾಡ್ಬೇಡ. ಮುಟ್ಬೇಡ. ಆಫ್ ಮಾಡು. ಸಾಯೋ ಡಿಸ್ಕಿನ ಮೇಲೆ ನೀನು ಬರೀತಾ ಕೂತಿದ್ದೀಯ."

ಆಗ ಕ್ಲರ್ಕ್ ಅಣ್ಣನ ಹತ್ತಿರ ಹೋಗಿ ಹೇಳಿದೆ. "ಅಣ್ಣ, ಯಾವಾಗ ಆಗುತ್ತೋ ಗೊತ್ತಿಲ್ಲ. ಬುಕ್ಕಲ್ಲೇ ಬರ್ಕೊಳ್ಳಿ." ಅವರು ಏನೂ ಅನ್ನಲಿಲ್ಲ. ಪುಸ್ತಕ ಆಗಲೇ ಮೇಜಿನ ಮೇಲಿತ್ತು, ಗೆರೆ ಹಾಕಿ, ಕಾರ್ಬನ್ ಇಟ್ಟು. ಐದು ನಿಮಿಷದಲ್ಲಿ ಸಾಲು ಅಲುಗಾಡಿತು.

ಪೋಸ್ಟ್‌ಗ್ರೆಸ್ ಸುಮ್ನೆ ಸುಮ್ನೆ ಬೀಳುತ್ತಿದೆ ಅಂತ ನಾನು ಬೈದುಕೊಳ್ಳುತ್ತಿದ್ದೆ. ಅದು ನಮ್ಮನ್ನು ಉಳಿಸೋಕೆ ಬೀಳುತ್ತಿತ್ತು ಅನ್ನೋದು ಆಮೇಲೆ ತಿಳಿಯಿತು. ಎಫ್‌ಸಿಂಕ್, ಅಂದರೆ ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಬರೆದು ಮುಗಿಸು ಅನ್ನೋ ಆದೇಶ ಕೊಟ್ಟಾಗ, ಡಿಸ್ಕಿಗೆ ಬರೆಯೋಕೆ ಆಗದಿದ್ದರೆ ಲಿನಕ್ಸ್ ಕರ್ನಲ್ ಒಂದು ಸಲ ಎರರ್ ಹೇಳುತ್ತದೆ. ಎರಡನೇ ಸಲ ಕೇಳಿದರೆ ಎಲ್ಲಾ ಸರಿ ಇದೆ ಅಂದುಬಿಡಬಹುದು, ಬರೆಯದೇ ಇದ್ದರೂ. 2018ರಲ್ಲಿ ಇದರ ಮೇಲೆ ದೊಡ್ಡ ಚರ್ಚೆ ಆಯಿತು. 2019ರ ಫೆಬ್ರವರಿಯ ಬಿಡುಗಡೆಗಳಿಂದ ಎಫ್‌ಸಿಂಕ್ ಸೋತರೆ ಪೋಸ್ಟ್‌ಗ್ರೆಸ್ ಮತ್ತೆ ಪ್ರಯತ್ನ ಮಾಡೋದಿಲ್ಲ. ಬೇಕಂತಲೇ ಬಿದ್ದು, ಎದ್ದಾಗ ವಾಲ್‌ನಿಂದ, ಅಂದರೆ ಬದಲಾವಣೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ಲಾಗ್‌ನಿಂದ, ಎಲ್ಲಾ ಮತ್ತೆ ಬರೆಯುತ್ತದೆ. ಅದು ಬಿದ್ದಾಗಲೆಲ್ಲಾ ನಾನು ಎಬ್ಬಿಸಿ, ಅದೇ ಕೆಟ್ಟ ಡಿಸ್ಕಿನ ಮೇಲೆ ಅದೇ ಕೆಲಸ ಮಾಡಿಸುತ್ತಿದ್ದೆ.

ಇನ್ನು ರೇಡ್ ವಿಷಯ, ಅಂದರೆ ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ವ್ಯವಸ್ಥೆ. ಒಂದೇ ಡೇಟಾವನ್ನು ಎರಡೂ ಕಡೆ ಇಡುವ ಎರಡು ಡಿಸ್ಕಿನ ಮಿರರ್ ಇದೆ, ಒಂದು ಹೋದರೆ ಇನ್ನೊಂದಿದೆ ಅನ್ನೋ ಧೈರ್ಯ ನಮಗೆ. ಆ ಡಿಸ್ಕುಗಳ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ತೆಗೆದು ನೋಡಿದೆ. ಸರಿ ಇರುವ ಒಂದೊಂದು ಡಿಸ್ಕಿಗೂ ಒಂದು ‘ಯು’ ಬರುತ್ತದೆ. ಎರಡು ‘ಯು’ ಇರಬೇಕಾದ ಕಡೆ ಒಂದೇ ಒಂದು ‘ಯು’, ಪಕ್ಕದಲ್ಲಿ ಬರೀ ಒಂದು ಅಡ್ಡಗೆರೆ. ಮೊದಲ ಡಿಸ್ಕ್ ಮೇ ತಿಂಗಳಲ್ಲೇ ಸತ್ತಿತ್ತು. ರೇಡ್ ನೋಡಿಕೊಳ್ಳುವ ಎಂಡಿಎಡಿಎಂ ಪ್ರೋಗ್ರಾಮ್ ಪಾಪ ಮೇಲ್ ಕಳಿಸಿತ್ತು, ಅದೇ ಮಷೀನಿನ ರೂಟ್ ಮೇಲ್‌ಬಾಕ್ಸಿಗೆ. ಅದನ್ನು ಯಾರೂ ತೆರೆದಿರಲಿಲ್ಲ. ತೆರೆಯಬೇಕಾದವನು ನಾನೇ. ಹೊಸ ಸರ್ವರಿಗೆ ಹಾಕಿದ ಇಂಡೆಂಟ್, ಅಂದರೆ ಖರೀದಿ ಬೇಡಿಕೆ, ಒಂದು ವರ್ಷದಿಂದ ಪರ್ಚೇಸ್ ವಿಭಾಗದಲ್ಲಿ ಕೂತಿದೆ, ಅದಕ್ಕೆ ನನಗೆ ಈಗಲೂ ಸಿಟ್ಟಿದೆ. ಆದರೆ ಒಂದು ಡಿಸ್ಕ್ ಬದಲಿಸೋಕೆ ಇಂಡೆಂಟ್ ಬೇಕಿರಲಿಲ್ಲ. ಮೇಲ್ ಓದಿದ್ದರೆ ಸಾಕಿತ್ತು.

ಹೊಸ ಡಿಸ್ಕ್ ತರೋಕೆ ಜೀಪು ಮೈಸೂರಿಗೆ ಹೋಯಿತು. ಅಂಗಡಿ ತೆಗೆಯುವವರೆಗೆ ಡ್ರೈವರ್ ಬಾಗಿಲಲ್ಲೇ ನಿಂತಿದ್ದನಂತೆ. ಯುಎಸ್‌ಬಿಯಿಂದ ಬೂಟ್ ಮಾಡಿ, ಕೆಟ್ಟ ಡಿಸ್ಕಿನಿಂದ ಹೊಸ ಡಿಸ್ಕಿಗೆ ಕಾಪಿ ಮಾಡುವ ಡಿಡಿರೆಸ್ಕ್ಯೂ ಹಾಕಿದೆವು. ಅದು ಮೊದಲು ಚೆನ್ನಾಗಿರುವ ಜಾಗವನ್ನೆಲ್ಲಾ ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಬರುತ್ತದೆ. 500 ಜಿಬಿ ಡಿಸ್ಕು, ಗಟ್ಟಿಯಾಗಿದ್ದರೆ ಒಂದೂವರೆ ಗಂಟೆಯ ಕೆಲಸ. ಇದು ಐದು ಗಂಟೆ ತೆಗೆದುಕೊಂಡಿತು. ಡಿಸ್ಕಿನ ಮೇಲೆ ಕೈ ಇಟ್ಟರೆ ಒಳಗೆ ಟಿಕ್ ಟಿಕ್ ಅಂತ ಬಡಿಯೋದು ಬೆರಳಿಗೆ ತಿಳಿಯುತ್ತಿತ್ತು. ಕೊನೆಗೆ ಬಾರದೇ ಉಳಿದದ್ದು 72 ಕೆಬಿ. ಕೇಳೋಕೆ ಏನೂ ಅಲ್ಲ. ಆದರೆ ಅದರಲ್ಲಿ ಒಂದು ತುಂಡು ಬಿದ್ದಿದ್ದು ತೂಕದ ಟೇಬಲ್ಲಿನ ಮೇಲೆ, ಅವತ್ತು ಬೆಳಗಿನ ಜಾವದ ಎಂಟ್ರಿಗಳ ಮೇಲೆ. ರಾತ್ರಿ ಎರಡು ಗಂಟೆಯ ಡಂಪ್, ಅಂದರೆ ಡೇಟಾಬೇಸಿನ ಬ್ಯಾಕಪ್, ಅಕೌಂಟ್ಸ್ ಮಷೀನಿನಲ್ಲಿತ್ತು. ಅದನ್ನು ರೀಸ್ಟೋರ್ ಮಾಡಿ, ಆಮೇಲಿನ ಎಂಟ್ರಿಗಳಲ್ಲಿ ಸಿಕ್ಕಷ್ಟನ್ನು ಕಾಪಿಯಿಂದ ತೆಗೆದುಕೊಂಡೆವು. 37 ಗಾಡಿಗಳ ತೂಕ ಕಂಪ್ಯೂಟರಿನಲ್ಲಿ ಎಲ್ಲೂ ಸಿಗಲಿಲ್ಲ.

ಮ್ಯಾನೇಜರ್ ಸಾಹೇಬರು ಸಂಜೆ ಬಂದು ಕೇಳಿದ್ದು, ಈ ಎರರ್ ಯಾವಾಗಿಂದ ಬರ್ತಿತ್ತು ಅಂತ. ಡೇಟಾಬೇಸ್ ಕಡೆಯಿಂದ ಯಾವತ್ತು ಶುರುವಾಯಿತು ಅಂತ ಹೇಳಬಹುದಾಗಿದ್ದ ಲಾಗ್‌ಗಳನ್ನು ಬೆಳಿಗ್ಗೆ ಏಳು ಗಂಟೆಗೆ ನಾನೇ ಅಳಿಸಿದ್ದೆ. ಅದನ್ನೂ ಹೇಳಿದೆ.

ಆ 37 ಚೀಟಿಗಳಿಗೆ ಪ್ರಿಂಟ್ ಆದ ಆಫೀಸ್ ಪ್ರತಿಗಳಿದ್ದವು. ಕ್ಲರ್ಕ್ ಅಣ್ಣ ಓದುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. 36 ಕೂಡಿದವು. ಒಂದರಲ್ಲಿ ರಿಬ್ಬನ್ ಮಸಿ ಸರಿಯಾಗಿ ಬಿದ್ದಿರಲಿಲ್ಲ, ತುಂಬಿದ ಗಾಡಿಯ ತೂಕದಲ್ಲಿ ಒಂದು ಅಂಕಿ ಮೂರೋ ಎಂಟೋ ಗೊತ್ತಾಗುತ್ತಿರಲಿಲ್ಲ. ಹಳ್ಳಿಗಳಿಗೆ ಹೋಗುವ ನಮ್ಮ ಫೀಲ್ಡ್‌ಮನ್ ಕೈಲಿ ಆ ರೈತನಿಗೆ, ಅವರ ಹತ್ತಿರದ ಚೀಟಿ ಬೇಕು ಅಂತ ಹೇಳಿ ಕಳಿಸಿದೆವು. ಒಂಬತ್ತನೇ ದಿನ ಆ ರೈತನ ಹೆಂಡತಿ ಬಸ್ಸಿನಲ್ಲಿ ಬಂದರು. ಸೆರಗಿನ ಗಂಟು ಬಿಚ್ಚಿ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಚೀಟಿ ತೆಗೆದು ಮೇಜಿನ ಮೇಲಿಟ್ಟು, "ನೋಡಪ್ಪ, ಇದೇ ಅಲ್ವಾ?" ಅಂದರು. ಎಂಟು ಇತ್ತು. ಅವರ ಮುಂದೆಯೇ ಎಂಟ್ರಿ ಹಾಕಿ, ಸ್ಕ್ರೀನ್ ತಿರುಗಿಸಿ ತೋರಿಸಿ, ಚೀಟಿ ವಾಪಸ್ ಕೊಟ್ಟೆ.