ಕಫ ಉದುರಿಸಲು ಹೋದ ದಿನ

ಹೋದ ಡಿಸೆಂಬರ್. ಅಂತರಗಂಗೆ ಬೆಟ್ಟದ ಕಡೆಯಿಂದ ಚಳಿಗಾಳಿ ಕೋಲಾರಕ್ಕೆ ಇಳಿಯುವ ಕಾಲ. ಐದು ತಿಂಗಳ ಮಗನಿಗೆ ಮೊದಲು ಬರೀ ನೆಗಡಿ ಇತ್ತು. ಮೂರನೇ ದಿನಕ್ಕೆ ಎದೆಯಲ್ಲಿ ಗೊರಗೊರ ಶುರುವಾಯಿತು. ಹಾಲು ಎರಡು ಗುಟುಕು ಕುಡಿದು ಬಾಯಿ ಬಿಡುತ್ತಿದ್ದ.

ಮಕ್ಕಳ ಡಾಕ್ಟರು ನೋಡಿ 'ಬ್ರಾಂಕಿಯೋಲೈಟಿಸ್, ಅಂದ್ರೆ ಶ್ವಾಸಕೋಶದ ಸಣ್ಣ ಕೊಳವೆಗಳ ಊತ, ವೈರಸ್‌ನಿಂದ ಬರೋದು' ಎಂದರು. ಕಾಲ್ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡಿದರು. ಸರಿಯಾಗಿತ್ತು. ಮೂಗಿಗೆ ಸಲೈನ್ ಹನಿ, ಸ್ವಲ್ಪ ಸ್ವಲ್ಪವೇ ಹಾಲು. ಪಕ್ಕೆ ಒಳಕ್ಕೆ ಎಳೆದರೆ ತಕ್ಷಣ ಬನ್ನಿ ಎಂದರು. ಆಂಟಿಬಯಾಟಿಕ್ ಕೂಡ ಇಲ್ಲ. ಇಷ್ಟೇನಾ ಅಂತ ನನಗೂ ಅನಿಸಿತು.

'ಕಫ ಕಟ್ಟಿದೆ ಕಣಮ್ಮ, ಉದುರಿಸಬೇಕು' ಎಂದರು ಅತ್ತೆ. ಪಕ್ಕದ ಮನೆಯವರು ಒಬ್ಬ ಫಿಸಿಯೋಥೆರಪಿಸ್ಟ್ ನಂಬರ್ ಕೊಟ್ಟರು. ಮಾರನೇ ಸಂಜೆ ಹೋದೆವು.

ಆತ ಮಗುವನ್ನು ಬೋರಲು ಮಲಗಿಸಿ, ಅಂಗೈ ಬೊಗಸೆ ಮಾಡಿ ಬೆನ್ನಿಗೆ ಟಪ್ ಟಪ್ ತಟ್ಟಿದರು. ಆಮೇಲೆ ಅಂಗಾತ ಮಾಡಿ, ಉಸಿರು ಬಿಡುವಾಗಲೆಲ್ಲ ಎದೆ ಒತ್ತಿದರು. ಮಗು ಕೆಂಪಾಗಿ ಕಿರುಚಿ ವಾಂತಿ ಮಾಡಿತು. 'ನೋಡಿ, ಕಫ ಬಂತು!' ಎಂದರು. ಬಟ್ಟೆ ನನ್ನ ಕೈಯಲ್ಲೇ ಇತ್ತು. ಅದರಲ್ಲಿ ಇದ್ದದ್ದು ಹಾಲು. ಒಂದು ಗಂಟೆ ಕೂತು ಕುಡಿಸಿದ ಹಾಲು. ಇನ್ನೂ ನಾಲ್ಕು ಸಲ ಬರಬೇಕಂತೆ.

ಬೆಳಿಗ್ಗೆ ಡಾಕ್ಟರ ಹತ್ತಿರ ಒಪ್ಪಿಕೊಂಡೆ. ಬೈಯಲಿಲ್ಲ. ಫ್ರಾನ್ಸ್‌ನಲ್ಲಿ ವರ್ಷಗಟ್ಟಲೆ ಹೀಗೇ ಕೂಸುಗಳ ಎದೆ ಒತ್ತುತ್ತಿದ್ದರಂತೆ. ಕೊನೆಗೆ ಪ್ಯಾರಿಸ್ ಸುತ್ತಲಿನ ಆಸ್ಪತ್ರೆಗಳಲ್ಲಿ 496 ಕೂಸುಗಳ ಮೇಲೆ ಪರೀಕ್ಷಿಸಿದರು, 2010ರಲ್ಲಿ ಫಲಿತಾಂಶ ಬಂತು. ಕೆಲವರಿಗೆ ಎದೆ ಒತ್ತಿದರು, ಉಳಿದವರಿಗೆ ಬರೀ ಮೂಗು ಕ್ಲೀನ್ ಮಾಡಿದರು. ಯಾರಿಗೆ ಯಾವುದು ಅಂತ ಅಪ್ಪ ಅಮ್ಮನಿಗೂ ಗೊತ್ತಾಗದಂತೆ ಬಾಗಿಲು ಹಾಕಿಕೊಂಡು! ಒತ್ತಿಸಿಕೊಂಡವರು ಬೇಗ ವಾಸಿಯಾಗಲಿಲ್ಲ, ವಾಂತಿ ಮಾತ್ರ ಜಾಸ್ತಿ ಆಯಿತು.

'ಸಣ್ಣ ಸಣ್ಣ ಕೊಳವೆಗಳೇ ಊದಿಕೊಂಡಿರ್ತವೆ. ತಟ್ಟಿದ್ರೆ ಊತ ಇಳಿಯುತ್ತಾ? ಸದಾ ಕಫ ತುಂಬೋ ಬೇರೆ ಕಾಯಿಲೆಗಳಿಗೆ ಅದು ಬೇಕಾಗುತ್ತೆ, ಇದಕ್ಕಲ್ಲ. ಇದು ನಾಲ್ಕೈದು ದಿನ ಏರಿ ತಾನೇ ಇಳಿಯುತ್ತೆ. ಜನ ತಟ್ಟಿಸೋಕೆ ಹೋಗೋದೂ ಸರಿಯಾಗಿ ಆಗಲೇ' ಎಂದು ನಕ್ಕರು.

ಆರನೇ ದಿನ ಮಗ ಹೊಟ್ಟೆ ತುಂಬ ಹಾಲು ಕುಡಿದ. ಕೆಮ್ಮು ಇನ್ನೆರಡು ವಾರ ಇತ್ತು. ಮತ್ತೆ ಆ ಕಡೆ ಹೋಗಲಿಲ್ಲ.

ಮೊನ್ನೆ ಒಂದು ನಾಮಕರಣದಲ್ಲಿ ಅತ್ತೆ ಯಾರಿಗೋ ಹೇಳುತ್ತಿದ್ದರು: 'ಒಂದೇ ಸಲ ತಟ್ಟಿಸಿದ್ದು, ಎರಡೇ ದಿನಕ್ಕೆ ಹುಷಾರಾದ.' ನಂಬರ್ ಹುಡುಕೋಕೆ ಫೋನೂ ತೆಗೆದಿದ್ದರು.

'ವಾಂತಿ ಆಗಿದ್ದೂ ಹೇಳಿ ಅತ್ತೆ' ಎಂದೆ.