ಗಾಡಿ ಹಿಂದೆ ಕಟ್ಟಿದ ಕರು

ಅಮೆರಿಕದ ಅರಿಜೋನಾದಲ್ಲಿ ಫ್ಲಾಗ್‌ಸ್ಟಾಫ್ ಊರಿನ ಹತ್ರ ಪೆಟ್ರೋಲ್ ಹಾಕ್ಸೋಕೆ ನಿಂತಿದ್ದಾಗ ಬಸ್ಸಷ್ಟು ದೊಡ್ಡ ಮೋಟರ್‌ಹೋಮ್ ಒಂದು, ಅಂದ್ರೆ ಚಕ್ರದ ಮೇಲಿನ ಮನೆ, ಬಂತು, ಹಿಂದೆ ಜೀಪ್ ರ‍್ಯಾಂಗ್ಲರ್, ನಾಲ್ಕೂ ಚಕ್ರ ನೆಲದ ಮೇಲೇ, ಒಳಗೆ ಯಾರೂ ಇಲ್ಲ! ನಮ್ಮೂರಲ್ಲಿ ಎತ್ತಿನಗಾಡಿ ಹಿಂದೆ ಕರು ಕಟ್ಕೊಂಡು ಹೋಗ್ತಾರಲ್ಲ, ಥೇಟ್ ಹಾಗೇ. ಓಡಿಸ್ತಿದ್ದ ಅಜ್ಜನ್ನ ಮಾತಾಡ್ಸಿದೆ. ಎಲ್ಲಾ ಕಾರನ್ನೂ ಹೀಗೆ ಎಳೆಯೋಕಾಗಲ್ವಂತೆ, ಎಷ್ಟೋ ಆಟೋಮ್ಯಾಟಿಕ್‌ಗಳಲ್ಲಿ ಇಂಜಿನ್ ಆಫ್ ಇದ್ರೆ ಗೇರ್‌ಬಾಕ್ಸಲ್ಲಿ ಎಣ್ಣೆ ಓಡಾಡಲ್ಲ, ಚಕ್ರ ತಿರುಗಿ ತಿರುಗಿ ಒಳಗೆಲ್ಲಾ ಹಾಳು, ಜೀಪಲ್ಲಾದ್ರೆ ಗೇರ್‌ಬಾಕ್ಸಿಂದ ಹಿಂದಿನ ಮುಂದಿನ ಚಕ್ರಗಳಿಗೆ ಶಕ್ತಿ ಹಂಚೋ ಟ್ರಾನ್ಸ್‌ಫರ್ ಕೇಸನ್ನ ನ್ಯೂಟ್ರಲ್ ಮಾಡಿದ್ರಾಯ್ತು. ರಿವರ್ಸ್ ಮಾತ್ರ ಹೋಗೋ ಹಾಗಿಲ್ಲ, ಕಾರು ಕಟ್ಟಿರೋ ಕಂಬಿ, ಟೋ ಬಾರ್, ಬಾಗುತ್ತಂತೆ. ದಾರಿ ತಪ್ಪಿದ್ರೆ ಇಳಿದು ಕಾರು ಬಿಚ್ಚಿ, ತಿರುಗ್ಸಿ, ಮತ್ತೆ ಕಟ್ಬೇಕು. ಹಿಂದೆ ಹೋಗೋ ಆಸೆ ಬಿಟ್ಟವ್ರಿಗೇ ಹೀಗೆ ಮನೆ ಸಮೇತ ಹೊರಡೋಕಾಗೋದೇನೋ ಅನ್ನಿಸ್ತು. ಅಷ್ಟರಲ್ಲಿ ಅಜ್ಜಿ ಬಂದು ಜೀಪಿನ ಬ್ರೇಕ್‌ಲೈಟ್ ಹತ್ತುತ್ತಾ ನೋಡ್ತೀರಾ ಅಂದ್ರು, ಹತ್ತಿತು, ಕೈ ಎತ್ತಿ ಕಳ್ಸಿದೆ.